ಅಲ್ ಕುದ್ರಾ ಮರಳಿನಲ್ಲಿ ಒಂದು ಬೆಳಗ್ಗೆ: ನಾಲ್ಕು ಮನೆಯವರನ್ನು ಸೇರಿಸಿ ಮರುಭೂಮಿ ತೋರಿಸುವುದು ಹೇಗೆ?

ದುಬೈ, ಶಾರ್ಜಾದ ನಮ್ಮ ಜನಕ್ಕೆ ಮರುಭೂಮಿ ಅಂದರೆ ದಿಬ್ಬದ ಮೇಲೆ ಜೀಪು, ಒಂಟೆ ಸವಾರಿ, ರಾತ್ರಿಯ ಊಟ. ಊರಿಂದ ನೆಂಟರು ಬಂದಾಗ ಒಂದು ಸಲ ಹೋಗಿ ಬಂದರೆ ಮುಗಿಯಿತು. ಅಲ್ಲಿ ಯಾವ ಯಾವ ಜೀವಿಗಳು ಬದುಕುತ್ತಿವೆ ಎಂದು ಇಲ್ಲೇ ಹುಟ್ಟಿದ ಮಕ್ಕಳಿಗೂ ಗೊತ್ತಿರುವುದಿಲ್ಲ. ನನಗೆ ಇದು ತುಂಬಾ ಬೇಸರದ ವಿಷಯ. ಅದಕ್ಕೇ ಪ್ರತಿ ಚಳಿಗಾಲ ನಮ್ಮ ಬಿಲ್ಡಿಂಗಿನ ಕನ್ನಡದವರನ್ನು ದುಬೈ ಹೊರವಲಯದ ಮರುಭೂಮಿ ಅಲ್ ಕುದ್ರಾ ಕಡೆಗೆ ಹೊರಡಿಸುತ್ತೇನೆ. ನೀವೂ ಮಾಡಬಹುದು.

ಗುಂಪು ಚಿಕ್ಕದಿರಲಿ, ನಾಲ್ಕೈದು ಮನೆ ಸಾಕು. ವೇದಿಕೆ, ಮೈಕು, ಬ್ಯಾನರ್ ಬೇಡವೇ ಬೇಡ. ಅವೆಲ್ಲ ಬಂದರೆ ಅನುಮತಿಯ ಮಾತೂ ಬರುತ್ತದೆ, ಗದ್ದಲಕ್ಕೆ ಪ್ರಾಣಿಗಳೂ ಓಡಿಹೋಗುತ್ತವೆ. ಪೆಟ್ರೋಲು, ತಿಂಡಿಯ ಖರ್ಚು ಹಂಚಿಕೊಳ್ಳಿ. ಆದರೆ ಪ್ರಾಣಿಗಳ ಹೆಸರಲ್ಲಿ ಚಂದಾ ಎತ್ತಬೇಡಿ. ಪರವಾನಗಿ ಇಲ್ಲದೆ ದೇಣಿಗೆ ಸೇರಿಸುವುದು ಈ ದೇಶದಲ್ಲಿ ಅಪರಾಧ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಸಂಜೆಗಿಂತ ಬೆಳಗ್ಗೆ ಹೋಗಿ. ಮರುಭೂಮಿಯ ಓಡಾಟವೆಲ್ಲ ಹೆಚ್ಚಾಗಿ ರಾತ್ರಿ. ಅದರ ಗುರುತು ಬೆಳಗ್ಗೆ ಮರಳಿನ ಮೇಲೆ ಹಾಗೇ ಇರುತ್ತದೆ. ಬಿಸಿಲೇರಿ ಗಾಳಿ ಎದ್ದರೆ ಅಳಿಸಿಹೋಗುತ್ತದೆ. ಎಳೆ ಬಿಸಿಲು ಓರೆಯಾಗಿ ಬೀಳುವಾಗ ಸಣ್ಣ ಗುಳಿಗೂ ನೆರಳು ಬಂದು ಹೆಜ್ಜೆಗಳು ಚೆನ್ನಾಗಿ ಕಾಣುತ್ತವೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳರ ಹೊತ್ತಿಗೆ. ಹಾಗಾಗಿ ಶಾರ್ಜಾದಿಂದ ಐದೂವರೆಗೆ ಹೊರಟರೆ ಸರಿ. ಕಾರನ್ನು ಟಾರು ಬಿಟ್ಟು ಇಳಿಸಬೇಡಿ. ಚಕ್ರದ ಅಡಿ ಸಿಕ್ಕುವುದು ಬರೀ ಮರಳಲ್ಲ, ಅಲ್ಲಿ ಬಿಲಗಳಿವೆ, ಈಗಷ್ಟೇ ಮೊಳೆತ ಗಿಡಗಳಿವೆ. ಎಲ್ಲರಿಗೂ ಮುಚ್ಚಿದ ಶೂ ಇರಲಿ. ಪೊದೆಯೊಳಗೆ ಯಾರೂ ಕೈ ಹಾಕಬಾರದು. ಚೇಳು, ಹಾವು ಇರುತ್ತವೆ.

ಈಗ ಮುಖ್ಯ ಕೆಲಸ. ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ದಿಬ್ಬದ ಅಂಚು ಕೊಡಿ. ಮರಳಿನ ಮೇಲಿನ ಗುರುತು ಯಾವ ಪ್ರಾಣಿಯದ್ದು ಎಂದು ಹದಿನೈದು ನಿಮಿಷ ಕೂತು ನೋಡಲಿ. ನೀವು ಮೊದಲೇ ಉತ್ತರ ಹೇಳಬೇಡಿ. ಎರಡೂ ಕಡೆ ಸಣ್ಣ ಸಣ್ಣ ಚುಕ್ಕಿಯ ಸಾಲು ಇದ್ದರೆ ಅದು ಜೀರುಂಡೆ. ನಡುವೆ ಬಾಲದ ಗೆರೆ, ಪಕ್ಕದಲ್ಲಿ ಕಾಲ ಗುರುತು ಇದ್ದರೆ ಹಲ್ಲಿಯ ಜಾತಿ. ಒಂದೇ ಗೆರೆ ಹಿಡಿದಂತೆ ನೇರವಾಗಿ ಹೋದ ಪಂಜದ ಗುರುತು ನರಿಯದ್ದಿರಬಹುದು. ಒಂದಕ್ಕೊಂದು ತಾಗದ ಓರೆ ಗೆರೆಗಳು ಕಂಡರೆ ಕೊಂಬಿನ ಮಂಡಲದ ಹಾವು ಪಕ್ಕಕ್ಕೆ ಸರಿದು ಹೋಗಿದೆ ಎಂದು ತಿಳಿಯಿರಿ, ಆ ಜಾಡನ್ನು ಹಿಂಬಾಲಿಸಬೇಡಿ. ಮಕ್ಕಳು ಚಿತ್ರ ಬಿಡಿಸಿಕೊಳ್ಳಲಿ. ಮೊಬೈಲ್ ಫೋಟೋಗಿಂತ ಅದೇ ಅವರ ನೆನಪಲ್ಲಿ ಉಳಿಯುತ್ತದೆ.

ಉದ್ದ ಕೊಂಬಿನ, ಜಿಂಕೆಯಂಥ ಬಿಳಿ ಪ್ರಾಣಿ ಓರಿಕ್ಸ್ ಕಂಡರೆ ದೂರವೇ ನಿಲ್ಲಿ. ಕ್ಯಾರೆಟ್ ತಿನ್ನಿಸುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. 1972ರಲ್ಲಿ ಒಮಾನ್‌ನಲ್ಲಿ ಕೊನೆಯವನ್ನೂ ಬೇಟೆಯಾಡಿದ ಮೇಲೆ ಮರುಭೂಮಿಯಲ್ಲಿ ಈ ಪ್ರಾಣಿ ಇರಲೇ ಇಲ್ಲ. ಮೃಗಾಲಯಗಳಲ್ಲಿ ಸಾಕಿ ಬೆಳೆಸಿ, 1982ರಿಂದ ಮತ್ತೆ ಮರುಭೂಮಿಗೆ ಬಿಟ್ಟರು. ಅಷ್ಟು ಕಷ್ಟಪಟ್ಟು ಮರಳಿ ಬಂದದ್ದು ಕಾರುಗಳ ಹಿಂದೆ ಅಲೆಯಬಾರದು, ಅಲ್ವಾ?

ತಿಂಡಿಗೆ ಘಾಫ್ ಮರದ ನೆರಳು ಹುಡುಕಿ. 2008ರಿಂದ ಇದು ಯುಎಇಯ ರಾಷ್ಟ್ರೀಯ ಮರ. ನಾವು ದಸರೆಯಲ್ಲಿ ಎಲೆ ಹಂಚಿ 'ಬಂಗಾರ' ಅನ್ನುವ ಬನ್ನಿಯೂ ಇದೇ ಮರ. ದೊಡ್ಡವರಿಗೆ ಇದನ್ನು ಹೇಳಿದ ಕೂಡಲೇ ಮುಖ ಬದಲಾಗುತ್ತದೆ, ಎದ್ದು ಹೋಗಿ ಕಾಂಡ ಮುಟ್ಟುತ್ತಾರೆ. ರಾಜಸ್ಥಾನದ ಖೇಜಡ್ಲಿ ಹಳ್ಳಿಯ ಕಥೆ ಹೇಳಲು ಇದೇ ಸರಿಯಾದ ಜಾಗ. 1730ರಲ್ಲಿ ಜೋಧಪುರದ ಹತ್ತಿರ, ರಾಜನ ಆಳುಗಳು ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಮರ ತಬ್ಬಿ ನಿಂತರು. ಅವರೂ ಸೇರಿ ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ಕಥೆ ಹೇಳಿ ಸುಮ್ನೆ ಬಿಡಿ, ಮಕ್ಕಳೇ ಪ್ರಶ್ನೆ ಕೇಳುತ್ತಾರೆ. ಎಲೆ ಮಾತ್ರ ಕೀಳಬೇಡಿ. ಹತ್ತಿರದಲ್ಲಿ ಎಕ್ಕದ ಗಿಡ ಸಿಕ್ಕರೆ ಎಲೆಯ ಅಡಿಗೆ ಕಣ್ಣು ಹಾಯಿಸಿ. ಪಟ್ಟೆ ಪಟ್ಟೆಯ ಚಿಟ್ಟೆ ಹುಳು ಇರಬಹುದು. ನಮ್ಮೂರ ಎಕ್ಕದಲ್ಲೂ ಅದೇ ಹುಳು ಬೆಳೆಯುತ್ತದೆ.

ತಿಂಡಿಗೆ ಬಿಸಿಬೇಳೆಬಾತ್ ಅಥವಾ ಪುಳಿಯೋಗರೆ ಸುಲಭ. ಪ್ರತಿ ಮನೆಯವರೂ ಸ್ಟೀಲ್ ತಟ್ಟೆ, ಲೋಟ ತರಲಿ. ನೀರು ದೊಡ್ಡ ಕ್ಯಾನಿನಲ್ಲಿ ಬರಲಿ, ಸಣ್ಣ ಬಾಟಲಿ ಬೇಡ. ಕಾರಣವನ್ನೂ ಮಕ್ಕಳಿಗೆ ಹೇಳಿ. ದುಬೈನಲ್ಲಿ 2008ರಿಂದ ಪರೀಕ್ಷೆ ಮಾಡಿದ ಸುಮಾರು 30 ಸಾವಿರ ಸತ್ತ ಒಂಟೆಗಳಲ್ಲಿ 300ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಿ ಕೂತಿತ್ತು. ಹೊಟ್ಟೆ ತುಂಬಿದೆ ಅನ್ನಿಸಿ ಒಂಟೆ ಮೇವು ಬಿಡುತ್ತದೆ, ಹಸಿವಿನಲ್ಲೇ ಸಾಯುತ್ತದೆ. ಹೊರಡುವಾಗ ಚೀಲ ಹಿಡಿದು ಗಾಳಿಗೆ ಬಂದ ಕಸವನ್ನೂ ಹೆಕ್ಕಿ. ಮಿಕ್ಕ ಅನ್ನ ಮರಳಿಗೆ ಸುರಿಯಬೇಡಿ, ಮನೆಗೆ ತನ್ನಿ.

ಮನೆಗೆ ಬಂದ ಮೇಲೆ ಮಾಡಲು ಎಲ್ಲರಿಗೂ ಒಂದೇ ಒಂದು ಕೆಲಸ ಕೊಡಿ. ಪಟ್ಟಿ ಕೊಟ್ಟರೆ ಯಾರೂ ಮಾಡುವುದಿಲ್ಲ. ನಾನು ಕೊಡುವುದು ಎಸಿ ನೀರು ಹಿಡಿಯುವ ಕೆಲಸ. ಇಲ್ಲಿ ನಲ್ಲಿ ನೀರು ಸಮುದ್ರದ ಉಪ್ಪು ತೆಗೆದು ಬರುವಂಥದ್ದು, ಅದಕ್ಕೆ ಇಂಧನ ಜಾಸ್ತಿ ಬೇಕು. ಸೆಖೆಗಾಲದಲ್ಲಿ ಎಸಿ ಪೈಪಿನಿಂದ ದಿನವೂ ಬಕೆಟ್ ತುಂಬುತ್ತದೆ. ನನ್ನ ಕರಿಬೇವು, ದೊಡ್ಡಪತ್ರೆಗೆ ಅದೇ ನೀರು. ಬಕೆಟ್ಟಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಗಿಡಕ್ಕೆ, ನೆಲ ಒರೆಸಲು ಬಳಸಿ. ಕುಡಿಯಲು, ಅಡುಗೆಗೆ ಬೇಡ.