ಹಳೆಯ ವಾಹನದಲ್ಲಿ ಕೂಲಂಟ್ ಸೋರಿಕೆ: ದುರಸ್ತಿಯೋ, ವಿದಾಯವೋ?

ವರ್ಷಗಟ್ಟಲೆ ಓಡಿದ ಕಾರಿನ ಕೆಳಗೆ ಹಸಿರು ಅಥವಾ ಗುಲಾಬಿ ಬಣ್ಣದ ನೀರು, ಅಂದರೆ ಇಂಜಿನ್ನನ್ನು ತಂಪಾಗಿಡುವ ಕೂಲಂಟ್, ಕಂಡಾಗ ಮಾಲೀಕರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ: ದಿನವೂ ನೀರು ತುಂಬಿಸಿಕೊಂಡು ಓಡಿಸುತ್ತಾ ಹೋಗುವುದು, ಇಲ್ಲವೇ ಗಾಬರಿಬಿದ್ದು ಸಿಕ್ಕ ಬೆಲೆಗೆ ಮಾರಿಬಿಡುವುದು. ಎರಡೂ ಅವಸರದ ತೀರ್ಮಾನಗಳೇ. ಸಡಿಲವಾದ ಒಂದು ಕ್ಲಾಂಪಿಗೂ ಹಾಳಾದ ಹೆಡ್ ಗ್ಯಾಸ್ಕೆಟ್‌ಗೂ (ಇಂಜಿನ್ ಬ್ಲಾಕಿಗೂ ಅದರ ಮೇಲ್ಭಾಗವಾದ ಹೆಡ್‌ಗೂ ನಡುವಿನ ಸೀಲ್) ಆರಂಭದಲ್ಲಿ ಕಾಣುವ ಲಕ್ಷಣ ಒಂದೇ, ಅಂದರೆ ಟ್ಯಾಂಕಿನಲ್ಲಿ ಕೂಲಂಟ್ ಮಟ್ಟ ಇಳಿಯುವುದು. ಆದರೆ ಮೊದಲನೆಯದು ಕೆಲವೇ ನಿಮಿಷಗಳ ಕೆಲಸ, ಎರಡನೆಯದಕ್ಕೆ ಇಂಜಿನ್ನನ್ನೇ ಬಿಚ್ಚಬೇಕು. ಆದ್ದರಿಂದ ಸೋರಿಕೆ ಎಲ್ಲಿಂದ ಆಗುತ್ತಿದೆ, ಇಂಜಿನ್ ಈಗಾಗಲೇ ಅತಿಯಾಗಿ ಕಾದಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಹಣದ ಲೆಕ್ಕಕ್ಕೆ ಕೈಹಾಕಬಾರದು.

ಹುಡುಕಾಟವನ್ನು ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಆರಂಭಿಸಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ, ಆ ಸುಟ್ಟ ಗಾಯ ಸಣ್ಣದಾಗಿರುವುದಿಲ್ಲ. ನೆಲದ ಮೇಲಿನ ಹನಿ ಬಣ್ಣವಿಲ್ಲದ ತಿಳಿನೀರಾಗಿದ್ದರೆ ಅದು ಎಸಿಯಿಂದ ಇಳಿದದ್ದಿರಬಹುದು, ಹಾಗಿದ್ದರೆ ಚಿಂತೆಯಿಲ್ಲ. ಕೂಲಂಟ್‌ಗೆ ಬಣ್ಣವಿರುತ್ತದೆ, ಮುಟ್ಟಿದರೆ ತುಸು ಜಿಡ್ಡೆನಿಸುತ್ತದೆ, ಸಿಹಿ ವಾಸನೆ ಬರುತ್ತದೆ. ಬಹುತೇಕ ಕೂಲಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಆ ಸಿಹಿಗೆ ನಾಯಿ, ಬೆಕ್ಕುಗಳು ನೆಕ್ಕುವ ಅಪಾಯವಿರುವುದರಿಂದ ಚೆಲ್ಲಿದ್ದನ್ನು ಕೂಡಲೇ ಒರೆಸಿ ತೆಗೆಯಬೇಕು.

ಬಾನೆಟ್ ಎತ್ತಿ ಟಾರ್ಚ್ ಬೆಳಕಿನಲ್ಲಿ ನೋಡುವಾಗ ಒದ್ದೆಗಿಂತ ಹೆಚ್ಚಾಗಿ ಒಣಗಿದ ಕಲೆಯನ್ನು ಹುಡುಕಬೇಕು. ಬಿಸಿ ಇಂಜಿನ್ ಮೇಲೆ ಬಿದ್ದ ಹನಿ ಆವಿಯಾಗಿ, ಬಿಳಿ ಅಥವಾ ತೆಳು ಬಣ್ಣದ ಪುಡಿಯಂತಹ ಪದರವನ್ನು ಉಳಿಸಿ ಹೋಗುತ್ತದೆ. ಹೋಸ್ ಪೈಪುಗಳ ತುದಿ, ಕೂಲಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಕೂಡುವ ಜಾಗ, ಅಲ್ಯೂಮಿನಿಯಂ ರೇಡಿಯೇಟರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚು, ಇವು ಹಳೆಯ ವಾಹನಗಳಲ್ಲಿ ಮೊದಲು ಸೋಲುವ ಸ್ಥಳಗಳು. ವಾಟರ್ ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲ್ ಸವೆದಾಗ ನೀರು ಅಲ್ಲಿಂದ ಹೊರಬರಲೆಂದೇ ಅದನ್ನು ಬಿಟ್ಟಿರುತ್ತಾರೆ. ಆ ರಂಧ್ರದಿಂದ ಕೆಳಗೆ ಹರಿದ ಗುರುತು ಕಂಡರೆ ಪಂಪಿನ ಕಾಲ ಮುಗಿಯಿತೆಂದೇ ತಿಳಿಯಬೇಕು. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿ, ಗಾಜಿನ ಒಳಮೈಗೆ ಜಿಡ್ಡಿನ ಮಂಜು ಕಟ್ಟುತ್ತಿದ್ದರೆ ಸೋರುತ್ತಿರುವುದು ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಕೋರ್, ಅಂದರೆ ಬಿಸಿ ಕೂಲಂಟ್‌ನಿಂದ ಕಾರಿನೊಳಗಿನ ಗಾಳಿಯನ್ನು ಬೆಚ್ಚಗಾಗಿಸುವ ಸಣ್ಣ ರೇಡಿಯೇಟರ್. ಇದರ ಬಿಡಿಭಾಗ ದುಬಾರಿಯಲ್ಲದಿದ್ದರೂ ಅನೇಕ ಮಾದರಿಗಳಲ್ಲಿ ಡ್ಯಾಶ್‌ಬೋರ್ಡನ್ನೇ ಕಳಚಬೇಕಾಗುವುದರಿಂದ ಕೂಲಿ ಏರುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಮುಚ್ಚಳದ ಜಾಗಕ್ಕೆ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ನಮೂದಾಗಿರುವಷ್ಟು, ಅಂದರೆ ಬಹುತೇಕ ಕಾರುಗಳಲ್ಲಿ ಸುಮಾರು 1 ಬಾರ್, ಒತ್ತಡ ಕೊಟ್ಟು ಪಂಪಿನ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಹತ್ತು ಹದಿನೈದು ನಿಮಿಷ ಕಾಯುತ್ತಾರೆ. ಮುಚ್ಚಳವನ್ನೂ ಇದೇ ಸಾಧನದಲ್ಲಿ ಪರೀಕ್ಷಿಸುವಂತೆ ಕೇಳಿ. ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ಮಿಶ್ರಣ ಒತ್ತಡವಿಲ್ಲದಾಗ ಸುಮಾರು 106 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, 1 ಬಾರ್ ಒತ್ತಡದಲ್ಲಿ 130ರ ಆಸುಪಾಸಿನವರೆಗೆ ತಡೆಯುತ್ತದೆ. ಹೀಗಾಗಿ ಒತ್ತಡ ಹಿಡಿಯದ ಮುಚ್ಚಳವೊಂದರಿಂದಲೇ ಕೂಲಂಟ್ ಕುದಿದು ಹೊರಚೆಲ್ಲುವುದುಂಟು.

ಹೊರಗೆಲ್ಲೂ ಹನಿಯಿಲ್ಲದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ ಎಚ್ಚರಗೊಳ್ಳಬೇಕು. ಇಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ನಿಲ್ಲದೆ ಬರುವ ದಟ್ಟ ಬಿಳಿ ಹೊಗೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತಂತಹ ಬಣ್ಣ, ಟ್ಯಾಂಕಿನಲ್ಲಿ ಏಳುತ್ತಲೇ ಇರುವ ಗುಳ್ಳೆಗಳು ಹೆಡ್ ಗ್ಯಾಸ್ಕೆಟ್ ಕಡೆಗೆ ಬೆರಳು ತೋರಿಸುತ್ತವೆ. ಇವುಗಳಲ್ಲಿ ಒಂದೇ ಲಕ್ಷಣವನ್ನು ನಂಬಿ ಇಂಜಿನ್ ಬಿಚ್ಚಲು ಒಪ್ಪಬೇಡಿ. ಕೂಲಂಟ್‌ನಲ್ಲಿ ದಹನಾನಿಲ ಸೇರಿದೆಯೇ ಎಂಬುದನ್ನು ಬಣ್ಣ ಬದಲಿಸುವ ದ್ರಾವಣದಿಂದ ತಿಳಿಯುವ ಪರೀಕ್ಷೆಯಿದೆ. ಅದನ್ನೂ, ಸಿಲಿಂಡರ್‌ಗಳು ಒತ್ತಡ ಹಿಡಿಯುತ್ತವೆಯೇ ಎಂದು ನೋಡುವ ಕಂಪ್ರೆಷನ್ ಟೆಸ್ಟನ್ನೂ ಮಾಡಿಸಿದ ಮೇಲೆಯೇ ಮಾತು ಮುಂದುವರಿಯಲಿ.

ಕಾರಣ ತಿಳಿದ ಮೇಲೆ ಲೆಕ್ಕ. ದುರಸ್ತಿಯ ಖರ್ಚನ್ನು ವಾಹನದ ಮಾರಾಟದ ಬೆಲೆಯೊಂದಿಗೆ ಹೋಲಿಸುವುದು ರೂಢಿ, ಆದರೆ ಅದು ಅರ್ಧ ಲೆಕ್ಕ ಎಂಬುದು ನನ್ನ ಅಭಿಪ್ರಾಯ. ಈ ಹಣದಿಂದ ಇದೇ ವಾಹನ ಇನ್ನೆಷ್ಟು ಕಾಲ ನಂಬಿಕೆಯಿಂದ ಓಡೀತು, ಅಷ್ಟೇ ಕಾಲಕ್ಕೆ ಬೇರೊಂದು ವಾಹನ ಇಟ್ಟುಕೊಳ್ಳಲು ಸಾಲದ ಕಂತು, ವಿಮೆ, ನೋಂದಣಿ ಸೇರಿ ಎಷ್ಟು ಬೀಳುತ್ತದೆ ಎಂದು ಕೇಳಿಕೊಳ್ಳಬೇಕು. ಕಳೆದ ವರ್ಷ ಹೊಸ ಟೈರು, ಬ್ಯಾಟರಿ ಹಾಕಿಸಿದ ಖರ್ಚು ತಿರುಗಿ ಬರುವಂಥದ್ದಲ್ಲ. ಆ ಭಾಗಗಳು ಇನ್ನೂ ಬಾಳಿಕೆ ಬರುತ್ತವೆಂಬುದಷ್ಟೇ ಈಗ ಲೆಕ್ಕಕ್ಕೆ ಬರುತ್ತದೆ.

ಹೋಸ್, ಕ್ಲಾಂಪ್, ಮುಚ್ಚಳ, ಥರ್ಮೋಸ್ಟಾಟ್ ಇವುಗಳಿಗೆ ಯೋಚನೆಯೇ ಬೇಡ, ಮಾಡಿಸಿಬಿಡಿ. ರೇಡಿಯೇಟರ್ ಮತ್ತು ವಾಟರ್ ಪಂಪ್ ವಿಷಯದಲ್ಲಿ, ಗೇರ್‌ಬಾಕ್ಸ್ ಗಟ್ಟಿಯಾಗಿದ್ದು ಚಾಸಿಗೆ ತುಕ್ಕು ಹಿಡಿದಿರದಿದ್ದರೆ ದುರಸ್ತಿಯೇ ಸರಿ. ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವ ಇಂಜಿನ್ ಆಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಏಕೆಂದರೆ ಬಿಚ್ಚುವ ಕೂಲಿ ಒಮ್ಮೆಗೇ ಮುಗಿಯುತ್ತದೆ. ಹೀಟರ್ ಕೋರ್ ಸೋರುತ್ತಿದ್ದರೆ ಅದರ ಎರಡು ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಕೋರನ್ನು ಬಿಟ್ಟು ಹರಿಯುವಂತೆ ಮಾಡುವ ತಾತ್ಕಾಲಿಕ ಉಪಾಯವಿದೆ, ಆದರೆ ಚಳಿಯ ಪ್ರದೇಶದಲ್ಲಿ ಗಾಜಿನ ಮಂಜು ಹೋಗಲು ಹೀಟರ್ ಬೇಕೇ ಬೇಕು.

ಹೆಡ್ ಗ್ಯಾಸ್ಕೆಟ್ ಆದರೆ ನಿರ್ಧಾರವನ್ನು ಎರಡು ಹಂತದಲ್ಲಿ ತೆಗೆದುಕೊಳ್ಳಿ. ಹೆಡ್ ಇಳಿಸುವ ಕೂಲಿಯನ್ನು ಮೊದಲೇ ಮಾತಾಡಿ, ಇಳಿಸಿದ ಮೇಲೆ ಅದರ ಮೈ ಸಮತಟ್ಟಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸುವವರೆಗೆ ಮುಂದಿನ ಕೆಲಸಕ್ಕೆ ಒಪ್ಪಿಗೆ ಕೊಡಬೇಡಿ. ಒಮ್ಮೆಯೂ ತಾಪಮಾನದ ಗೇಜ್ ಕೆಂಪಿಗೆ ಏರದ ಇಂಜಿನ್‌ಗೆ ಹೊಸ ಗ್ಯಾಸ್ಕೆಟ್ ಸಾಕಾಗಬಹುದು. ಕುದಿಯುತ್ತಲೇ ಮೈಲುಗಟ್ಟಲೆ ಓಡಿದ ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ ಬಾಗಿರುವ ಸಾಧ್ಯತೆ ಹೆಚ್ಚು, ಆಯಿಲ್‌ಗೆ ನೀರು ಬೆರೆತಿದ್ದರೆ ಬೇರಿಂಗ್‌ಗಳೂ ಸವೆದಿರಬಹುದು. ಅದರ ಜೊತೆಗೆ ಕ್ಲಚ್, ಸಸ್ಪೆನ್ಷನ್ ಕೆಲಸವೂ ಬಾಕಿಯಿದ್ದರೆ ವಾಹನವನ್ನು ಬಿಟ್ಟುಕೊಡುವುದೇ ವಿವೇಕ. ಕೊಳ್ಳುವವರಿಗೆ ದೋಷವನ್ನು ಬಾಯಿಬಿಟ್ಟು ಹೇಳಿ ಮಾರಬೇಕು.

ಸೋರಿಕೆ ತಡೆಯುವ ದ್ರವವನ್ನು ರೇಡಿಯೇಟರ್‌ಗೆ ಸುರಿಯುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ತೂತನ್ನಷ್ಟೇ ಅಲ್ಲ, ರೇಡಿಯೇಟರ್ ಮತ್ತು ಹೀಟರ್ ಕೋರಿನ ಕಿರಿದಾದ ನಾಳಗಳನ್ನೂ ಮುಚ್ಚಬಲ್ಲದು. ಇನ್ನೂ ಇಟ್ಟುಕೊಳ್ಳಬೇಕೆಂದಿರುವ ವಾಹನಕ್ಕೆ ಅದನ್ನು ಹಾಕಬೇಡಿ. ಬರಿಯ ನೀರನ್ನೇ ತುಂಬಿಸುತ್ತಾ ಹೋದರೂ ತುಕ್ಕು ತಡೆಯುವ ಅಂಶ ತೆಳುವಾಗಿ ಒಳಗಿನಿಂದ ಕೊರೆತ ಆರಂಭವಾಗುತ್ತದೆ.

ದುರಸ್ತಿಯಾದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಿದ್ದಾರೆಯೇ ಎಂದು ಕೇಳಿ, ಮೊದಲ ಕೆಲವು ವಾರ ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮುನ್ನ ಟ್ಯಾಂಕಿನ ಮಟ್ಟವನ್ನು ಪೆನ್ನಿನಲ್ಲಿ ಗುರುತು ಹಾಕಿ ನೋಡುತ್ತಿರಿ. ಗಾಳಿ ಹೊರಬಂದಂತೆ ಮೊದಲ ದಿನಗಳಲ್ಲಿ ಮಟ್ಟ ಸ್ವಲ್ಪ ಇಳಿದು ನಿಲ್ಲುವುದು ಸಹಜ. ನಿಲ್ಲದೆ ಇಳಿಯುತ್ತಲೇ ಹೋದರೆ ಬಿಲ್ ಹಿಡಿದು ಅದೇ ಗ್ಯಾರೇಜಿಗೆ ಹಿಂದಿರುಗಿ.