ಬಂಡೆ ನೋಡಿ ವಾಪಸ್ ಬಂದವನ ಫಾಲ್ಸ್ ಲೆಕ್ಕ

ಮೊದಲ ಸಲ ನಾನು ಕೇತೇನಹಳ್ಳಿ ಫಾಲ್ಸ್ ನೋಡೋಕೆ ಹೋದಾಗ ಅಲ್ಲಿ ನೀರೇ ಇರಲಿಲ್ಲ. ಆಗಸ್ಟ್ ತಿಂಗಳು, ಭಾನುವಾರ. ಹೆಂಡತಿ, ಇಬ್ಬರು ಮಕ್ಕಳು, ಭಾವಮೈದ, ಜೊತೆಗೆ ಒಂದು ದೊಡ್ಡ ಡಬ್ಬಿ ಪುಳಿಯೋಗರೆ. ಮಳೆಗಾಲ ಅಲ್ವಾ, ನೀರು ಇದ್ದೇ ಇರುತ್ತೆ ಅಂದುಕೊಂಡಿದ್ದೆ. ಲಂಟಾನ ಪೊದೆ ಸರಿಸಿಕೊಂಡು, ಕಲ್ಲುದಾರಿಯಲ್ಲಿ ಬೆವರು ಸುರಿಸಿ ನಡೆದು ಹೋಗಿ ನೋಡಿದರೆ ಎತ್ತರದ ಕರೀ ಬಂಡೆ, ಅದರ ನಡುವೆ ಒಂದು ಒದ್ದೆ ಗೆರೆ. ಸರಿಯಾಗಿ ತಿರುಗಿಸದ ನಲ್ಲಿಯಲ್ಲಿ ಸೋರುತ್ತಲ್ಲ, ಅಷ್ಟು. "ಅಪ್ಪಾ, ಫಾಲ್ಸ್ ಎಲ್ಲಿ?" ಅಂದಳು ಮಗಳು. ಪುಳಿಯೋಗರೆ ತಿಂದು ವಾಪಸ್ ಬಂದೆವು.

ನನ್ನದು ಚಿಕ್ಕಬಳ್ಳಾಪುರದಲ್ಲಿ ಡ್ರಿಪ್ ಪೈಪ್ ಅಂಗಡಿ. ಗಂಟೆಗೆ ನಾಲ್ಕು ಲೀಟರ್ ಬಿಡುವ ಡ್ರಿಪ್ಪರ್ ಮಾರುವವನು ನಾನು. ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡವರ ಮುಖ ನೋಡಿಕೊಂಡೇ ಬೆಳೆದಿದ್ದೇನೆ. ಇಂಥವನಿಗೆ ಫಾಲ್ಸ್ ಹುಚ್ಚು ಹಿಡಿದದ್ದು ತಮಾಷೆಯೇ, ಒಪ್ಪುತ್ತೇನೆ. ಆದರೆ ಆ ಒದ್ದೆ ಗೆರೆ ತಲೆಯಲ್ಲಿ ಕೂತುಬಿಟ್ಟಿತ್ತು. ಇಲ್ಲಿ ನೀರು ಬೀಳುತ್ತೆ ಅಂತ ಜನ ಹೇಳುತ್ತಾರೆ, ಫೋಟೋ ಕೂಡ ಇದೆ. ಹಾಗಾದರೆ ಯಾವಾಗ?

ನನ್ನ ತಪ್ಪು ಏನು ಅಂತ ನಿಧಾನಕ್ಕೆ ಗೊತ್ತಾಯಿತು. ಜುಲೈ ಬಂದರೆ ಟಿವಿಯಲ್ಲಿ ಜೋಗ ತೋರಿಸುತ್ತಾರೆ, ನಾವೂ ಅದೇ ಮಳೆಗಾಲದಲ್ಲಿದ್ದೇವೆ ಅಂದುಕೊಳ್ಳುತ್ತೇವೆ. ಇಲ್ಲ. ನಮ್ಮ ಕಡೆ ಜೂನ್, ಜುಲೈನಲ್ಲಿ ಗಾಳಿ ಜಾಸ್ತಿ, ಮಳೆ ಕಮ್ಮಿ. ಮೋಡ ಬರುತ್ತೆ, ತುಂತುರು ಹಾಕುತ್ತೆ, ಹೋಗುತ್ತೆ. ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಹಿರಿಯರ ಲೆಕ್ಕದ ಉತ್ತರೆ, ಹಸ್ತ, ಚಿತ್ತೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರ್‌ನಲ್ಲೂ ಹೊಡೆಯುತ್ತೆ.

ಇನ್ನೊಂದು ವಿಷಯ ಬಂಡೆ. ನಂದಿ, ಸ್ಕಂದಗಿರಿ, ಚನ್ನಗಿರಿ ಯಾವುದನ್ನೇ ನೋಡಿ, ಬೋಳು ಕಲ್ಲು, ಮೇಲೆ ಗೇಣುದ್ದ ಮಣ್ಣು. ಬಿದ್ದ ಮಳೆ ನಿಲ್ಲಲ್ಲ. ಒಂದೇ ದಿನ ಭರ್ತಿ ಹೊಡೆದರೆ ಆವತ್ತು ರಾತ್ರಿ ಹಳ್ಳ ಅಬ್ಬರಿಸುತ್ತೆ, ವಾರ ಕಳೆದರೆ ಮತ್ತೆ ಒದ್ದೆ ಗೆರೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲ ಹುಟ್ಟುವುದು ಇದೇ ಬೆಟ್ಟಗಳ ಸುತ್ತಮುತ್ತ, ಆದರೂ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ನಮಗಿಲ್ಲ.

ಹಾಗಾಗಿ ಲೆಕ್ಕ ಇಡೋಕೆ ಶುರು ಮಾಡಿದೆ. ಅಂಗಡಿಯ ತಾರಸಿ ಮೇಲೆ ತಳದಿಂದ ಬಾಯಿವರೆಗೂ ಒಂದೇ ಅಗಲ ಇರುವ ಒಂದು ತಗಡಿನ ಡಬ್ಬಿ ಇಟ್ಟೆ, ಬೆಳಿಗ್ಗೆ ಮಗಳ ಸ್ಕೇಲ್ ಅದ್ದಿ ನೋಡುವುದು. ಸ್ಕೇಲಿನಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯೋ ಅಷ್ಟು ಮಳೆ, ಇದಕ್ಕೆ ದೊಡ್ಡ ವಿದ್ಯೆ ಬೇಡ. ಆದರೆ ಮಳೆ ಅಂಗಡಿ ಮೇಲೆ ಬಿದ್ದರೆ ಏನು ಬಂತು, ಬೆಟ್ಟದ ಮೇಲೆ ಬೀಳಬೇಕಲ್ಲ. ಅದಕ್ಕೆ ಅಂಗಡಿಗೆ ಬರುವ ರೈತರೇ ನನ್ನ ಹವಾಮಾನ ಇಲಾಖೆ. ಪೆರೇಸಂದ್ರ ಕಡೆಯವರು, ನಂದಿ ಕಡೆಯವರು, ಎಲ್ಲರನ್ನೂ ಕೇಳುತ್ತೇನೆ. ಅನುಮಾನ ಬಂದರೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಂದರೆ ಕೆಎಸ್ಎನ್‌ಡಿಎಂಸಿಯವರ ವರುಣ ಮಿತ್ರ ಸಹಾಯವಾಣಿ ಇದೆ, ಫೋನ್ ಮಾಡಿದರೆ ಹೇಳುತ್ತಾರೆ. ಒಂದು ಮುಜುಗರ ಮಾತ್ರ ಇವತ್ತಿಗೂ ಹೋಗಿಲ್ಲ. ಎದುರಿಗೆ ನಿಂತವನು "ಅಣ್ಣಾ, ರಾತ್ರಿ ಬಿದ್ದ ಮಳೆಗೆ ದ್ರಾಕ್ಷಿ ಎಲ್ಲ ಹೋಯ್ತು" ಅಂತ ತಲೆ ಮೇಲೆ ಕೈ ಹೊತ್ತಿರುತ್ತಾನೆ. ನಾನು "ಅಯ್ಯೋ" ಅನ್ನುತ್ತಲೇ ಒಳಗೊಳಗೆ ಭಾನುವಾರಕ್ಕೆ ಎಷ್ಟು ದಿನ ಅಂತ ಎಣಿಸುತ್ತಿರುತ್ತೇನೆ.

ಮೂರು ವರ್ಷ ಹೀಗೆ ನೋಡಿ ನಾನು ಮಾಡಿಕೊಂಡ ಅಂದಾಜು ಇಷ್ಟು. ನೆಲ ಮೊದಲೇ ನೆಂದಿರಬೇಕು. ಕುಂಟೆ, ಕಟ್ಟೆ ತುಂಬಿರಬೇಕು. ಅದರ ಮೇಲೆ ಎರಡು ಮೂರು ದಿನದಲ್ಲಿ ಸೇರಿ ನೂರು ಮಿಲಿಮೀಟರ್ ಹತ್ತಿರ ಬಿದ್ದರೆ ಫಾಲ್ಸ್ ಎದ್ದಿದೆ ಅಂತ ಅರ್ಥ. ಮಳೆ ಬೀಳುವಾಗ ಹೋಗಬಾರದು, ಮಾರನೇ ದಿನವೂ ಬೇಡ. ಒಂದು ದಿನ ಬಿಟ್ಟು ಹೋದರೆ ನೀರಿನ ಕೆಂಪು ಇಳಿದಿರುತ್ತೆ, ದಾರಿಯ ಹಳ್ಳಗಳೂ ಮೊಣಕಾಲಿಗಿಂತ ಕೆಳಗೆ ಬಂದಿರುತ್ತವೆ. ನಾಲ್ಕು ದಿನ ತಡ ಮಾಡಿದಿರೋ, ಪುಳಿಯೋಗರೆ ಒಂದೇ ಗತಿ.

2021ರ ನವೆಂಬರ್‌ನಲ್ಲಿ ಮಾತ್ರ ಈ ಲೆಕ್ಕವೆಲ್ಲ ಬೇಕಾಗಲಿಲ್ಲ. ಆ ತಿಂಗಳು ನಮ್ಮ ಜಿಲ್ಲೆಯಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಕೆರೆಗಳೆಲ್ಲ ಕೋಡಿ ಬಿದ್ದವು, ರಸ್ತೆ ಮೇಲೆ ನೀರು, ಹೊಲದಲ್ಲಿ ರಾಗಿ ಮಲಗಿ ಮೊಳಕೆ ಬಂತು. ಮಳೆ ಬಿಟ್ಟ ಮೇಲೆ ನಮ್ಮ ಕಡೆಯದೇ ಇನ್ನೊಂದು ಫಾಲ್ಸ್ ಜರಮಡಗು ಕಡೆ ಹೋದೆ, ಜೊತೆಗೆ ಒಬ್ಬ ಗೆಳೆಯ. ನೀರಿನ ಸದ್ದು ದೂರದಿಂದಲೇ ಕೇಳುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಅಂಥ ಸದ್ದು ನಾನು ಕೇಳಿರಲೇ ಇಲ್ಲ. ಖುಷಿಯಲ್ಲಿ ಗೆಳೆಯ ಬಂಡೆ ಮೇಲಿನ ಕಪ್ಪು ಪಟ್ಟೆ ಮೇಲೆ ಕಾಲಿಟ್ಟ. ಬೇಸಿಗೆಯಲ್ಲಿ ಅದು ಸುಮ್ನೆ ಒಣಗಿದ ಕರೀ ಬಣ್ಣ, ಪಾಚಿ ಅಂತ ಗೊತ್ತೇ ಆಗಲ್ಲ. ನೀರು ಬಿದ್ದರೆ ಅದು ಸೋಪು. ಎಂಟು ಹತ್ತು ಅಡಿ ಜಾರಿ ಗುಂಡಿಗೆ ಬಿದ್ದ. ಮೊಣಕೈ ಕಿತ್ತುಹೋಯಿತು, ಫೋನ್ ನೀರಿಗೆ ಹೋಯಿತು. ಅದೃಷ್ಟ, ಗುಂಡಿ ಆಳ ಇರಲಿಲ್ಲ. ಅಲ್ಲಿಂದ ಬಂದ ಮೇಲೆ ಬಿಳೀ ಕಲ್ಲು ಕಂಡಲ್ಲಿ ಮಾತ್ರ ಕಾಲಿಡುತ್ತೇನೆ, ಎರಡು ಹೆಜ್ಜೆ ಸುತ್ತಾದರೂ ಸರಿ.

ಆಮೇಲೆ ಹೋದದ್ದು ಕುದುರೆಮುಖಕ್ಕೆ. ಇಲ್ಲೇ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

ಸೆಪ್ಟೆಂಬರ್ ಕೊನೆ, ನಾವು ನಾಲ್ಕು ಜನ, ಒಂದು ಹಳೇ ಕಾರು. ಬೆಂಗಳೂರಿನ ಟ್ರಾಫಿಕ್ ಬೇಡ ಅಂತ ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆ ಹಿಡಿದು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಚಿಕ್ಕಮಗಳೂರು, ಕಳಸ. ಅರಸೀಕೆರೆ ತನಕ ಎಲ್ಲ ನಮ್ಮ ಊರಿನ ಥರವೇ, ಕಲ್ಲುಗುಡ್ಡ, ತೆಂಗು, ರಾಗಿ. ಚಿಕ್ಕಮಗಳೂರು ದಾಟಿದ ಮೇಲೆ ಕಾರಿನ ಗಾಜು ಮಂಜಾಗೋಕೆ ಶುರು. ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಆಗಿರಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಜೊತೆಗೆ ಗೈಡ್ ಕಡ್ಡಾಯ. ವಾರಾಂತ್ಯದ ಜಾಗ ಬೇಗ ಖಾಲಿಯಾಗುತ್ತೆ ಅಂತ ನಾವು ಮಂಗಳವಾರ ಹಾಕಿದೆವು, ಅಂಗಡಿಗೆ ಎರಡು ದಿನ ಬೀಗ. ಉಳಿದುಕೊಂಡ ಮನೆಯವರು ಫೋನಿನಲ್ಲಿ ಜೀಪಿನ ದುಡ್ಡು ಸೇರಿದೆ ಅಂದಿದ್ದರು, ಹೋದ ಮೇಲೆ ಸೇರಿಲ್ಲ ಅಂದರು. ಬೆಳಿಗ್ಗೆ ಐದೂವರೆಗೆ ಯಾರು ಜಗಳ ಆಡುತ್ತಾರೆ, ಕೊಟ್ಟೆವು. ಬಾಳೆಗಲ್ಲಿನಿಂದ ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪಿನಲ್ಲೇ ಹೋಗಬೇಕು. ಆ ದಾರಿಯಲ್ಲಿ ಜೀಪು ಹೋಗುತ್ತೆ ಅನ್ನುವುದೇ ಆಶ್ಚರ್ಯ.

ಮುಳ್ಳೋಡಿಯಿಂದ ಶಿಖರಕ್ಕೆ ಒಂದು ಕಡೆಗೆ ಒಂಬತ್ತು ಕಿಲೋಮೀಟರ್ ಹತ್ತಿರ, ಎತ್ತರ ಸುಮಾರು 1,890 ಮೀಟರ್. ಆದರೆ ನಾನು ಶಿಖರಕ್ಕೆ ಅಂತ ಹೋದವನಲ್ಲ, ನೀರಿಗೆ ಅಂತ ಹೋದವನು. ಹತ್ತಿರದಲ್ಲೇ ಸೋಮಾವತಿ ಅಬ್ಬಿ. ಮುಂದೆ ದಾರಿಯುದ್ದಕ್ಕೂ ಹೆಸರಿಲ್ಲದ ತೊರೆಗಳು. ಎದುರು ಗುಡ್ಡದ ಹಸಿರಿನ ಮೇಲೆ ಬಿಳೀ ದಾರ ಎಳೆದ ಹಾಗೆ ಕಾಣುವ ಅಬ್ಬಿಗಳನ್ನು ಎಣಿಸೋಕೆ ಹೋಗಿ ಹನ್ನೊಂದಕ್ಕೆ ನಿಲ್ಲಿಸಿದೆ. "ನಿನ್ನೆ ಎಷ್ಟು ಮಳೆ ಬಂತು?" ಅಂತ ಅಭ್ಯಾಸಬಲದಿಂದ ಗೈಡ್‌ನ ಕೇಳಿದೆ. "ಮಳೆ ಎಲ್ಲಿ ಬಂತು ಮಾರಾಯ್ರೇ, ಮೂರು ದಿನ ಆಯ್ತು ಬಿಟ್ಟು" ಅಂದರು.

ಮಳೆ ಬಿಟ್ಟು ಮೂರು ದಿನ, ಆದರೂ ಇಷ್ಟು ನೀರು. ಕಾರಣ ಕಣ್ಣೆದುರೇ ಇತ್ತು. ಗುಡ್ಡದ ಮೇಲೆಲ್ಲ ಹುಲ್ಲು, ಎರಡು ಗುಡ್ಡಗಳ ಮಡಿಕೆಯಲ್ಲಿ ಒತ್ತಾಗಿ ಸೇರಿಕೊಂಡ ಶೋಲಾ ಕಾಡು. ಒಳಗೆ ಕಾಲಿಟ್ಟರೆ ಹಾಸಿಗೆ ಮೇಲೆ ನಡೆದ ಹಾಗೆ, ಕೊಳೆತ ಎಲೆ, ಬೇರು, ಮಣ್ಣು. ನಾನು ಒಂದು ಹಿಡಿ ತೆಗೆದು ಹಿಂಡಿ ನೋಡಿದೆ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು, ನನ್ನ ಡ್ರಿಪ್ಪರ್ ಥರವೇ. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಅಂತಾರೆ, ನಮ್ಮ ಊರಿನ ಒಂಬತ್ತು ಹತ್ತು ವರ್ಷದ ಮಳೆ ಅದು. ಆದರೆ ಬರೀ ಮಳೆ ಜಾಸ್ತಿ ಅನ್ನುವುದಷ್ಟೇ ಅಲ್ಲ, ಬಿದ್ದದ್ದನ್ನು ಹಿಡಿದಿಟ್ಟು ತಿಂಗಳುಗಟ್ಟಲೆ ಬಿಡುವ ವ್ಯವಸ್ಥೆ ಅಲ್ಲಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ಸಾಲಿನಲ್ಲೇ ಹುಟ್ಟುತ್ತವೆ. ಇದೇ ಗುಡ್ಡಗಳಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆಯುತ್ತಿದ್ದರು, ಸುಪ್ರೀಂ ಕೋರ್ಟ್ ಆದೇಶದಿಂದ ಅದು ನಿಂತದ್ದು. ಆ ಮಣ್ಣು ಹಿಂಡಿದ ಮೇಲೆ ಆ ಆದೇಶದ ಬೆಲೆ ನನಗೆ ಬೇರೆ ಥರ ಕಂಡಿತು.

ಹೆಸರಿನಲ್ಲೂ ಈ ವ್ಯತ್ಯಾಸ ಇದೆ ಅಂತ ಅಲ್ಲೇ ಹೊಳೆಯಿತು. ಅವರದು ಅಬ್ಬಿ, ಬೀಳುವ ನೀರು. ನಮ್ಮದು ಜರಮಡಗು, ಜಕ್ಕಲಮಡಗು. ಅರ್ಧ ಕನ್ನಡ ಅರ್ಧ ತೆಲುಗಿನ ನಮ್ಮ ಮಾತಿನಲ್ಲಿ ಮಡಗು ಅಂದರೆ ನೀರು ನಿಲ್ಲುವ ಗುಂಡಿ. ಬೀಳುವುದನ್ನು ನೋಡೋಕೆ ನಮ್ಮವರಿಗೆ ಪುರುಸೊತ್ತು ಎಲ್ಲಿತ್ತು, ಎಲ್ಲಿ ನಿಲ್ಲುತ್ತೆ ಅಂತ ನೋಡಿ ಹೆಸರಿಟ್ಟರು. ಇವತ್ತಿಗೂ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕುಡಿಯುವುದು ಜಕ್ಕಲಮಡಗು ಜಲಾಶಯದ ನೀರು.

ಕಷ್ಟ ಶುರುವಾಗಿದ್ದು ತೊರೆ ದಾಟುವಾಗ. ಒಣಕಲ್ಲಿನ ಜನ ನಾವು, ಕಲ್ಲಿನಿಂದ ಕಲ್ಲಿಗೆ ಹಾರುವುದೇ ಅಭ್ಯಾಸ. ಮೊದಲ ತೊರೆಯಲ್ಲಿ ಹಾಗೇ ಹಾರಿದೆ, ಮೂರನೇ ಕಲ್ಲಿನ ಮೇಲೆ ಕಾಲು ಸರ್ರನೆ ಹೋಯಿತು, ಸೊಂಟದವರೆಗೂ ಒದ್ದೆ. ಗೈಡ್ ನಗಲಿಲ್ಲ. ಒಂದು ಕೋಲು ಮುರಿದು ಕೊಟ್ಟು ತೋರಿಸಿದರು. ಶೂ ಬಿಚ್ಚಬಾರದು, ಶೂ ಸಮೇತ ನೀರಿಗೇ ಇಳಿಯಬೇಕು. ಕಲ್ಲಿನ ತಲೆ ಮೇಲಲ್ಲ, ಕಲ್ಲುಗಳ ನಡುವಿನ ಮರಳಿನಲ್ಲಿ ಕಾಲಿಡಬೇಕು. ಮುಖ ನೀರು ಬರುವ ಕಡೆಗೆ, ಕೋಲು ಮುಂದಕ್ಕೆ ಊರಿ, ಒಂದು ಸಲಕ್ಕೆ ಒಂದೇ ಕಾಲು ಎತ್ತಿ, ಏಡಿ ಥರ ಪಕ್ಕಕ್ಕೆ ಸರಿಯುವುದು. ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿಕೊಳ್ಳಬೇಕು, ಬಿದ್ದರೆ ಬ್ಯಾಗ್ ಹೋಗಲಿ, ನಾವು ಉಳಿಯೋಣ ಅಂತ. ನೀರಿನ ಸೆಳೆತಕ್ಕೆ ಕೋಲು ಕೈಯಲ್ಲಿ ಗುಂಯ್ ಅಂತ ನಡುಗುತ್ತಿತ್ತು, ಬೋರ್‌ವೆಲ್ ಮೋಟಾರ್ ಶುರುವಾದಾಗ ಪೈಪ್ ಮುಟ್ಟಿದ ಹಾಗೆ. ಆ ನಡುಕ ಜಾಸ್ತಿ ಆದ ಕಡೆ ದಾಟಬಾರದು, ಅಗಲ ಜಾಸ್ತಿಯಾದರೂ ಚಪ್ಪಟೆ ಹರಿವು ಇರುವ ಕಡೆ ಹೋಗಬೇಕು ಅಂದರು.

ವಾಪಸ್ ಬರುವಾಗ ಅದೇ ತೊರೆಯ ಹತ್ತಿರ ಗೈಡ್ ಕೈ ಅಡ್ಡ ಹಿಡಿದು ನಿಲ್ಲಿಸಿದರು. ನಮಗೆ ಏನೂ ವಿಶೇಷ ಕಾಣಲಿಲ್ಲ. ಬೆಳಿಗ್ಗೆ ತಿಳಿಯಾಗಿದ್ದ ನೀರು ಸ್ವಲ್ಪ ಚಹಾ ಬಣ್ಣಕ್ಕೆ ತಿರುಗಿತ್ತು, ನಾಲ್ಕು ಒಣಗಿದ ಎಲೆ, ಒಂದು ಕಡ್ಡಿ ತೇಲಿ ಬರುತ್ತಿದ್ದವು. ನಮ್ಮ ತಲೆ ಮೇಲೆ ಬಿಸಿಲು, ಆದರೆ ಮೇಲೆ ಶಿಖರದ ಹಿಂದೆ ಮಳೆಯಾಗಿದೆ ಅಂದರು. ಹತ್ತು ನಿಮಿಷದಲ್ಲಿ ನೀರು ಮೊಣಕಾಲಿಂದ ತೊಡೆಗೆ ಏರಿತು. ಮುಕ್ಕಾಲು ಗಂಟೆ ಕಾದೆವು, ಇಳಿಯಿತು, ದಾಟಿದೆವು. ನಾವೇ ಬಂದಿದ್ದರೆ ಆ ನಾಲ್ಕು ಎಲೆ ನೋಡುತ್ತಿರಲಿಲ್ಲ, ಇಳಿದೇ ಬಿಡುತ್ತಿದ್ದೆವು.

ಇಂಬಳದ, ಅಂದರೆ ಜಿಗಣೆಯ ವಿಷಯ ಎಲ್ಲರೂ ಕೇಳುತ್ತಾರೆ. ಇವೆ, ಬೇಕಾದಷ್ಟಿವೆ. ಉಪ್ಪು ಕಟ್ಟಿಕೊಂಡು ಹೋಗಿದ್ದೆವು, ಮೊದಲ ತೊರೆಯಲ್ಲೇ ಕರಗಿಹೋಯಿತು. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಸಾಕ್ಸ್ ಅದ್ದಿ ಒಣಗಿಸಿಕೊಂಡವನಿಗೆ ಕಮ್ಮಿ ಹತ್ತಿದವು. ಕಚ್ಚಿದ್ದು ನೋವಾಗಲ್ಲ, ಆದರೆ ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ, ಕಿತ್ತ ಮೇಲೂ ಸುಮಾರು ಹೊತ್ತು ಸೋರುತ್ತೆ, ಗಾಬರಿ ಬೇಡ. ಕಿತ್ತ ಜಾಗ ಕೆರೆಯಬೇಡಿ, ಅಷ್ಟೇ.

ಮಾರನೇ ದಿನ ಕಾಲು ನೋವಿಗೆ ನಡೆಯೋಕಾಗದೆ ಕಾರಿನಲ್ಲೇ ಕದಂಬಿ ಅಬ್ಬಿ ನೋಡಿದೆವು, ಅದು ರಸ್ತೆ ಪಕ್ಕದಲ್ಲೇ ಇದೆ. ಹನುಮನಗುಂಡಿಗೆ ಮೆಟ್ಟಿಲು ಇಳಿಯಬೇಕು. ಇಳಿಯುವುದು ಸುಲಭ, ಹತ್ತುವಾಗ ನನ್ನ ಭಾವಮೈದ ಕೈಗಂಬಿ ಹಿಡಿದು ದೇವರ ಹೆಸರು ಹೇಳುತ್ತಿದ್ದ.

ಊರಿಗೆ ಬಂದು ಮೂರು ವಾರಕ್ಕೆ ಚಿತ್ತೆ ಮಳೆ ಹಿಡಿಯಿತು. ಡಬ್ಬಿಯಲ್ಲಿ ಮೊದಲ ದಿನ 38, ಎರಡನೇ ದಿನ 61. ಒಂದು ದಿನ ಬಿಟ್ಟು ಮಗಳನ್ನು ಕರೆದುಕೊಂಡು ಕೇತೇನಹಳ್ಳಿಗೆ ಹೋದೆ, ಕೈಯಲ್ಲಿ ಅದೇ ಕುದುರೆಮುಖದ ಕೋಲು. ಒದ್ದೆ ಗೆರೆ ಇದ್ದ ಜಾಗದಲ್ಲಿ ಈಗ ಬಂಡೆಯೇ ಕಾಣುತ್ತಿರಲಿಲ್ಲ. ಮಗಳು ನೀರಿನ ಕಡೆ ಓಡಲಿಲ್ಲ. ಹಳ್ಳದ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಎಲೆ ಬರುತ್ತಿದೆಯಾ ಅಂತ ಐದು ನಿಮಿಷ ನೋಡಿ, "ಬರ್ತಿಲ್ಲ ಅಪ್ಪಾ, ಇಳಿಯೋಣ" ಅಂದಳು.