ಮಳೆಯಲ್ಲಿ ನೆನೆದು ಓದಿದ ದುರ್ಗದ ಚರಿತ್ರೆ

ಚಿತ್ರದುರ್ಗದ ಚರಿತ್ರೆ ಬರೀತೀನಿ ಅಂತ ಹೊರಟವರೆಲ್ಲ ಪಾಳೇಗಾರರ ವಂಶಾವಳಿ ಹಿಡಿದು ಕೂರುತ್ತಾರೆ. ನಾನೂ ಎರಡು ವರ್ಷ ಕೂತೆ. ಜೆರಾಕ್ಸಿಗೇ ಮೂರು ಸಾವಿರದಷ್ಟು ಸುರಿದಿರಬೇಕು. ದಕ್ಕಿದ್ದು 1779ರಲ್ಲಿ ಹೈದರಾಲಿ ಕೋಟೆ ಗೆದ್ದ ಅನ್ನುವ, ಶಾಲೆ ಹುಡುಗರಿಗೂ ಗೊತ್ತಿರೋ ಸಂಗತಿ. ಇಷ್ಟು ದೊಡ್ಡ ಊರು ಈ ಬಂಡೆಗಳ ಬುಡದಲ್ಲಿ ಬದುಕಿದ್ದು ಹೇಗೆ ಅನ್ನೋದು ಮಾತ್ರ ಬಗೆಹರಿಯಲಿಲ್ಲ.

ಆಮೇಲೆ ಕಾಗದ ಬಿಟ್ಟು ನೀರಿನ ಬೆನ್ನು ಹತ್ತಿದೆ. ಮಳೆ ಹಿಡಿದಾಗ ಕೋಟೆ ಹತ್ತೋದು, ನೀರು ಇಳಿದ ಕಡೆ ನಾನೂ ಇಳಿಯೋದು. "ಚರಂಡಿ ಕೆಲಸಕ್ಕೆ ಸೇರ್ಕೊಂಡ್ಯೇನೋ" ಅಂತ ಗೆಳೆಯರು ಆಡಿಕೊಂಡರು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರು ನಮ್ಮದು. ಮೊದಲ ವರ್ಷ ಮೋಡ ಕಂಡಾಗಲೆಲ್ಲ ಟಿಕೆಟ್ ತಗೊಂಡು ಹತ್ತಿ, ಒಣಗಿದ ಅಂಗಿಯಲ್ಲೇ ಇಳಿದೆ. ಎರಡನೇ ವರ್ಷ ಮಳೆ ಬಂತು, ಹನ್ನೊಂದು ಸಾವಿರದ ಫೋನು ಹೊಂಡದ ಪಾಲಾಯಿತು.

ಕೋಟೆ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ಇದು ಹಳಬರಿಗೆಲ್ಲ ಗೊತ್ತು. ನನಗೆ ಬೇಕಿದ್ದದ್ದು ನಡುವಿನ ದಾರಿ. ನೀರು ಎತ್ತ ಹೋಗುತ್ತೆ ಅಂತ ಅರಿಶಿನ ಕದಡಿ ನೋಡಿದೆ. ಕೆಮ್ಮಣ್ಣಿನ ನೀರಲ್ಲಿ ಅರಿಶಿನ ಯಾವುದು, ಮಣ್ಣು ಯಾವುದು! ಕಡೆಗೆ ಕೈಹಿಡಿದದ್ದು ಮಂಡಕ್ಕಿ. ನೆನೆದು ಮುಳುಗೋ ಮೊದಲೇ ಮುಂದಿನ ತಿರುವಿಗೆ ಓಡಬೇಕು, ಅಲ್ಲಿ ಇನ್ನೊಂದು ಬೊಗಸೆ ಬಿಡಬೇಕು. ಒಂದು ಕಡೆ ಬಂಡೆ ಸಂದಿಗೆ ನುಗ್ಗಿದ್ದು ಹತ್ತು-ಹನ್ನೆರಡು ನಿಮಿಷ ಬಿಟ್ಟು ಕೆಳಗೆ ತೇಲಿ ಬಂದಾಗ ನಾನು ಕೂಗಿದ್ದು ಮೇಲುದುರ್ಗಕ್ಕೂ ಕೇಳಿರಬೇಕು. ಆ ಸಂದಿ ಎಲ್ಲಿದೆ ಅಂತ ಬರೆಯಲ್ಲ. ನಿಧಿ ಅಗೆಯೋರಿಗೂ ಓದೋಕೆ ಬರುತ್ತೆ.

ಈಗ ಹಳೆಯ ಸಂಗತಿಗಳೇ ಬೇರೆಯಾಗಿ ಕಾಣುತ್ತವೆ. ಓಬವ್ವ ಗಂಡನ ಊಟದ ಹೊತ್ತಿಗೆ ಹೋಗಿದ್ದು ನೀರಿಗೆ. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಅನ್ನೋ ನೀರಿನ ತಾಣ. ಊರ ಪಕ್ಕದ ಚಂದ್ರವಳ್ಳಿಯ ಬಂಡೆ ಮೇಲೆ ಕದಂಬರ ಮಯೂರಶರ್ಮ ಬರೆಸಿದ ಶಾಸನ ಇದೆಯಲ್ಲ, 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು, ಅದೂ ಕೆರೆಯ ಮಾತೇ. ಪಾಳೇಗಾರರಿಗಿಂತ ಸಾವಿರ ವರ್ಷಕ್ಕೂ ಹಿಂದಿನದು.

ಕೊನೇ ಬೊಗಸೆ ಸಂತೆಹೊಂಡ ಸೇರಿದಾಗ ಕತ್ತಲಾಗಿತ್ತು. ಅಜ್ಜಿಯೊಬ್ಬರು ಕೊಡೆ ಹಿಡಿದು ನಿಂತು ನೋಡುತ್ತಿದ್ದರು.

"ಗಂಗಮ್ಮಂಗೇನಪ್ಪಾ?"

"ಹೂಂ ಅಜ್ಜಿ."

"ಬರೀ ಮಂಡಕ್ಕೀನಾ? ಒಂಚೂರು ಬೆಲ್ಲ ಹಾಕೋದಲ್ವಾ?"